ತಿಳಿ ಹಸಿರು ಗದ್ದೆಯ ಗಂಡು

ಉಪದೇಶ ಮಾಡುವವನಿಗೆ ಇರುವ ದೊಡ್ಡ ಅನುಕೂಲವೆಂದರೆ ಯಾರೂ ಅವನ ಮಾತು ಕೇಳುವುದಿಲ್ಲ. ಕೇಳಿದರೆ ತಾನೇ ತಾಪತ್ರಯ? ತೊಂಬತ್ತರ ದಶಕದಲ್ಲಿ ಕೃಷಿ ಇಲಾಖೆಯ ಸಹಾಯಕನಾಗಿ ಹೊಳೆನರಸೀಪುರದಲ್ಲಿದ್ದ ನಾನು ಈ ಅನುಕೂಲದಲ್ಲಿ ಹಾಯಾಗಿದ್ದೆ. ಯೂರಿಯಾ ಕಡಿಮೆ ಮಾಡಿ, ಹೆಚ್ಚಾದದ್ದು ಗದ್ದೆಯ ನೀರಿನ ಜೊತೆ ಹರಿದು ಹೇಮಾವತಿ ಸೇರುತ್ತದೆ, ಹೊಳೆಯೆಲ್ಲ ಪಾಚಿ ಕಟ್ಟುತ್ತದೆ ಎಂದು ಸ್ಕೂಟರಿನಲ್ಲಿ ಊರೂರು ಸುತ್ತಿ ಹೇಳುತ್ತಿದ್ದೆ. ರೈತರು ಕಾಫಿ ಕೊಟ್ಟು, ತಲೆಯಾಡಿಸಿ, ನನ್ನ ಸ್ಕೂಟರು ತಿರುವು ದಾಟುವ ಮೊದಲೇ ಇನ್ನೊಂದು ಚೀಲ ಬಿಚ್ಚುತ್ತಿದ್ದರು. ಬೆಳಿಗ್ಗೆ ಹೊಳೆಗೆ ಹೋಗಿ ಬಂದ ನನ್ನ ಹೆಂಡತಿ, ಪಾಚಿಯಲ್ಲಿ ಜಾರಿದ ಕಾಲು ನೀವಿಕೊಳ್ಳುತ್ತ, ನಿಮ್ಮ ಭಾಷಣ ಶುರುವಾದ ಮೇಲೆ ಇದು ಇನ್ನೂ ಹೆಚ್ಚಾಗಿದೆ ಎನ್ನುತ್ತಿದ್ದಳು.

ಹೀಗಿರುವಾಗ ಹೊಳೆಯ ಮಗ್ಗುಲಲ್ಲೇ ಗದ್ದೆಯಿದ್ದ ಮಂಜೇಗೌಡ ಎಂಬ ಹುಡುಗ ನನ್ನ ಮಾತು ಕೇಳಿಬಿಟ್ಟ. ಹಸಿರೆಲೆ ಗೊಬ್ಬರಕ್ಕೆಂದು ಸೆಣಬು ಬೆಳೆದು ಮಣ್ಣಿಗೆ ಉತ್ತ, ಯೂರಿಯಾ ಅರ್ಧಕ್ಕಿಳಿಸಿದ, ಗೊಬ್ಬರದ ನೀರು ತಡೆಯಲೆಂದು ಹೊಳೆ ಬದಿಯ ಬದುವಿನ ಹುಲ್ಲು ಕೆತ್ತದೆ ಬಿಟ್ಟ. ಭತ್ತ ಚೆನ್ನಾಗಿಯೇ ಬಂತು. ಆದರೆ ಯೂರಿಯಾ ಕಡಿಮೆಯಾದ್ದರಿಂದ ಬಣ್ಣ ತಿಳಿ ಹಸಿರು. ನಮ್ಮ ಕಡೆ ಹೆಣ್ಣಿನವರು ಮನೆ ನೋಡಲು ಬಂದರೆ ಗಂಡಿನ ಮುಖಕ್ಕಿಂತ ಮೊದಲು ಗದ್ದೆ ನೋಡುತ್ತಾರೆ, ಪೈರು ಕರ್ರಗಿದ್ದರೆ ಮನೆತನ ಗಟ್ಟಿ ಎಂದು ಲೆಕ್ಕ. ದಂಡಿಗನಹಳ್ಳಿಯಿಂದ ಬಂದವರಿಗೆ ಪಕ್ಕದವನ ಗದ್ದೆ ಕಾರ್ಮೋಡದಂತೆ ಕಂಡಿತು, ಮಂಜೇಗೌಡನದು ಜ್ವರ ಬಿಟ್ಟೆದ್ದವನಂತೆ. ಒಂದು ಚೀಲ ಗೊಬ್ಬರಕ್ಕೆ ಗತಿಯಿಲ್ಲದವನು ಹುಡುಗಿಯನ್ನು ಹೇಗೆ ಸಾಕುತ್ತಾನೆ ಎಂದು ಹುಡುಗಿಯ ಚಿಕ್ಕಪ್ಪ ಎದುರಿಗೇ ಕೇಳಿದರಂತೆ. ಹುಡುಗನ ತಾಯಿ ಸಣ್ಣಮ್ಮ ನನ್ನ ಆಫೀಸಿಗೇ ಬಂದರು.

"ನೀವ್ ಏಳ್ದಂಗೇ ಮಾಡವ್ನೆ ಸಾ. ಈಗ ನೀವೇ ಬಂದು ಮಾತಾಡ್ಬೇಕು."

ನನಗೆ ನಿಜಕ್ಕೂ ಭಯವಾಯಿತು. ಹೊಳೆ ಉಳಿಸಲು ಹೋಗಿ ಒಬ್ಬನ ಮದುವೆ ಕೆಡಿಸಿದೆನಲ್ಲ ಎಂದು ಸಂಕಟ. ತಾಯಿ ಮಗನ ಜೊತೆ ದಂಡಿಗನಹಳ್ಳಿಗೆ ಹೋಗಿ, ಹುಡುಗಿಯ ಮನೆಯಲ್ಲಿ ಚಾಪೆಯ ಮೇಲೆ ಕೂತು ಸೆಣಬಿನಿಂದ ಹಿಡಿದು ಪಾಚಿಯಿಂದ ಸಾಯುವ ಹೊಳೆಯ ಮೀನಿನವರೆಗೆ ಎಲ್ಲವನ್ನೂ ವಿವರಿಸಿದೆ. ಚಿಕ್ಕಪ್ಪ ಆಕಳಿಸಿದರು. ಹುಡುಗಿಯ ತಂದೆ ಮಾತ್ರ ಕೊನೆಯವರೆಗೂ ಕೇಳಿ, ಊರಿನವರು ನಗಲಿಲ್ಲವೇ ಎಂದು ಮಂಜೇಗೌಡನನ್ನು ವಿಚಾರಿಸಿದರು.

"ನಕ್ರು. ಆದ್ರೂ ಕೆಳಗ್ಲ ಊರೋರು ಕುಡಿಯೋ ನೀರಲ್ವಾ," ಎಂದ ಅವನು, ನೆಲ ನೋಡುತ್ತ.

ತಂದೆ ತಮ್ಮನ ಕಡೆ ತಿರುಗಿದರು. "ಆಗ್ಲಿ ಬುಡ್ಲಾ ಈ ಸಂಬಂಧ. ಇವ್ರ ಮಾತ್ನೇ ಇಷ್ಟು ಕೇಳವ್ನೆ, ನನ್ ಮಗಳ ಮಾತ್ ಕೇಳ್ದೆ ಇದ್ದಾನಾ?"

ಎಲ್ಲರೂ ನಕ್ಕರು. ಸಣ್ಣಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ತಣ್ಣಗಾದ ಕಾಫಿ ಕುಡಿದೆ.

ಮಂಜೇಗೌಡನಿಗೆ ಹೆಣ್ಣು ಸಿಕ್ಕಿದ ಸುದ್ದಿ ಹಬ್ಬಿ, ಮುಂದಿನ ಹಂಗಾಮಿಗೆ ಅವನ ಊರಿನಿಂದಲೇ, ಮದುವೆ ವಯಸ್ಸಿಗೆ ಬಂದ ಗಂಡುಮಕ್ಕಳಿದ್ದ ತಾಯಂದಿರು ಸೆಣಬಿನ ಬೀಜ ಕೇಳಿಕೊಂಡು ಆಫೀಸಿಗೆ ಬಂದರು. ಹೊಳೆಯ ಬಗ್ಗೆ ಒಬ್ಬರೂ ಒಂದು ಮಾತು ಕೇಳಲಿಲ್ಲ. ನಾಲಿಗೆಯ ತುದಿಗೆ ಬಂದಿದ್ದ ಉಪದೇಶವನ್ನು ನುಂಗಿಕೊಂಡು ಬೀಜ ಅಳೆದು ಕೊಟ್ಟೆ. ನಾನು ಬಾಯಿ ತೆರೆದಿದ್ದರೆ ಅವರು ಬೀಜದ ಚೀಲವನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರೇನೋ.