ಎಲೆ ಅಡಿಕೆ ಕೊಟ್ಟು ತಂದ ಹಾಡುಗಳು

ಇಂಟರ್ನೆಟ್ಟಿಗೆ ಒಂದು ಹಾಡು ಏರಿಸುವ ಮೊದಲು ಹಾಡಿದವರ ಮನೆಗೇ ಹೋಗಿ, ಎಲೆ ಅಡಿಕೆ ಕೊಟ್ಟು ಅಪ್ಪಣೆ ಪಡೆದು ಬರುವ ಮನುಷ್ಯ ಈ ಭೂಮಂಡಲದಲ್ಲಿ ಒಬ್ಬರೇ ಇದ್ದಾರೆ. ಅವರು ನಮ್ಮ ಕಾಕಾ, ಅಂದರೆ ನಮ್ಮಪ್ಪನ ತಮ್ಮ. ನಂಬಿದರೆ ನಂಬಿ, ಬಿಟ್ಟರೆ ಬಿಡಿ! ಆ ಎಲೆ ಅಡಿಕೆಯ ಚೀಲ ಹಿಡಿದು ಅವರ ಸ್ಕೂಟರಿನ ಹಿಂದೆ ಕೂತು ಬೆನ್ನು ಮುರಿದುಕೊಂಡವನು ನಾನು.

ಕೊಪ್ಪಳ ಜಿಲ್ಲೆಯಾದ ಹೊಸದರಲ್ಲಿ ಕಚೇರಿ ಕಚೇರಿಯ ಮುಂದೆ ಅರ್ಜಿ ಹಿಡಿದವರ ಸಾಲು. ಕಾಕಾ ಟೈಪಿಂಗ್ ಅಂಗಡಿ ಇಟ್ಟರು. ಮುಂದೆ ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಅದರ ಬೆನ್ನಿಗೇ ಇಂಟರ್ನೆಟ್ ಬಂತು. ಬೇರೆಯವರಾಗಿದ್ದರೆ ಏನು ಮಾಡುತ್ತಿದ್ದರು? ಪಕ್ಕದ ಮೊಬೈಲ್ ಅಂಗಡಿಯವನಂತೆ ಸಿನಿಮಾ ಹಾಡುಗಳನ್ನು ಮೆಮೊರಿ ಕಾರ್ಡಿಗೆ ತುಂಬಿ ಕೊಟ್ಟು ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದರು. ಕಾಕಾ ಮಾತ್ರ "ಅದು ಕಳವು" ಎಂದುಬಿಟ್ಟರು. ಬೀಸುವ ಪದ, ಸೋಬಾನೆ ಪದ, ಭಜನೆ ಪದ, ಹೀಗೆ ಹಾಡಿದವರೇ ಮನಸಾರೆ ಕೊಟ್ಟದ್ದನ್ನಷ್ಟೇ ಇಡುವ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ, ಕಾನೂನಿಗೆ ಕೂದಲೆಳೆಯಷ್ಟೂ ತಪ್ಪದ ಒಂದು ವೆಬ್‌ಸೈಟ್ ತೆರೆದರು.

"ಪುಕ್ಕಟೆ ಕೊಡಾಕ ಅಂಗಡಿ ಯಾಕ ಬೇಕಾಗಿತ್ರಿ?" ಎಂದು ಕಾಕಾನ ಹೆಂಡತಿ, ನಮ್ಮ ಕಾಕು ಕೇಳಿದರು.

"ಅಂಗಡಿ ಅಲ್ಲ ಇದು, ಸೇವಾ."

"ಸೇವಾ ಮಾಡಿದ್ರ ಮಠದಾಗ ಊಟನಾದ್ರೂ ಹಾಕ್ತಾರ."

ಕಾಕಾನ ಅಪ್ಪಣೆಯ ಹುಚ್ಚು ಎಲ್ಲಿಗೆ ಮುಟ್ಟಿತ್ತು ಗೊತ್ತೇ? ಕಿನ್ನಾಳದಲ್ಲಿ ಗೊಂಬೆಗೆ ಬಣ್ಣ ಹಾಕುವ ಅಜ್ಜ ಒಬ್ಬರು ಸೊಗಸಾಗಿ ಭಜನೆ ಹಾಡಿಕೊಟ್ಟರು. ಎಲೆ ಅಡಿಕೆ ಮುಂದಿಟ್ಟರೆ, "ಪದ ನಂದಲ್ರಿ, ನಮ್ಮ ಗುರುಗಳದು" ಎಂದು ಕೈ ಹಿಂದೆ ತೆಗೆದುಕೊಂಡರು. ಗುರುಗಳು ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಯಲಬುರ್ಗಾದ ಕಡೆ ಇದ್ದ ಅವರ ಮಗನನ್ನು ಹುಡುಕಿಕೊಂಡು ಹೋದೆವು. ಆತ, "ನಮ್ಮಪ್ಪನದೂ ಅಲ್ರಿ, ದೇವರು ನುಡಿಸಿದ್ದು ಅಂತಿದ್ದ" ಎಂದ. ನಾನು ಕೆಲಸ ಮುಗಿಯಿತು ಅಂದುಕೊಂಡೆ. ಕಾಕಾ ಸ್ಕೂಟರನ್ನು ನೇರ ಗುಡಿಗೆ ತಿರುಗಿಸಿದರು! ದೇವರ ಮುಂದೆ ಎಲೆ ಅಡಿಕೆ ಇಟ್ಟು, ಹೂವಿನ ಪ್ರಸಾದ ಕೇಳಿ, ಕಣ್ಣು ಮಿಟುಕಿಸದೆ ನಿಂತರು. ನನ್ನ ಕಾಲು ಸೋತು ಕಂಬಕ್ಕೆ ಒರಗಿದ ಮೇಲೆ ಬಲಗಡೆಯ ಹೂವು ಬಿತ್ತು. ಆ ಹಾಡಿನ ಕೆಳಗೆ ಇವತ್ತಿಗೂ "ದೇವರ ಒಪ್ಪಿಗೆ ಪಡೆಯಲಾಗಿದೆ" ಎಂದು ಬರೆದಿದೆ.

ಇನ್ನು ದುಡ್ಡಿನ ಕಥೆ. ಹಾಡುಗಳಿರುವ ಯಂತ್ರ ಎಲ್ಲೋ ದೂರದ ಊರಿನಲ್ಲಿ ಬಾಡಿಗೆಗೆ ಇದೆ. ವರ್ಷಕ್ಕೊಮ್ಮೆ ಬಾಡಿಗೆ ಕಟ್ಟದಿದ್ದರೆ ಎಲ್ಲ ಅಳಿಸಿಹೋಗುತ್ತದೆ. ಟೈಪಿಂಗ್ ಅಂಗಡಿ ಅಷ್ಟೊತ್ತಿಗೆ ತನ್ನ ಬಾಡಿಗೆಯನ್ನೇ ದುಡಿಯುತ್ತಿರಲಿಲ್ಲ. ಸಹಾಯ ಮಾಡಿ ಎಂದು ಕಾಕಾ ವೆಬ್‌ಸೈಟಿನಲ್ಲಿ ಬರೆದರೆ, ಬಂದ ಉತ್ತರಗಳೆಲ್ಲ ಹೊಸ ಸಿನಿಮಾ ಹಾಡು ಯಾವಾಗ ಹಾಕುತ್ತೀರಿ ಎಂದೇ.

ಕೊನೆಗೆ ಗಂಗಾವತಿಯ ರೈಸ್‌ಮಿಲ್ ಸಾಹುಕಾರರೊಬ್ಬರು ಒಪ್ಪಿದರು. ಆದರೆ ಗುಡಿಗೆ ಒಂದು ಫ್ಯಾನ್ ಕೊಟ್ಟರೆ ಮೂರೂ ರೆಕ್ಕೆಗೆ ಹೆಸರು ಬರೆಸುವ ಸೀಮೆ ನಮ್ಮದು. ಪ್ರತಿ ಹಾಡಿನ ಮೊದಲಿಗೂ ನಡುವೆಯೂ ತಮ್ಮ ಹೆಸರು ಕೂಗಿಸಬೇಕು ಎಂದರು ಸಾಹುಕಾರರು. ಕಾಕಾ ಅದಕ್ಕೂ ಹಾಡಿದವರ ಅಪ್ಪಣೆ ಕೇಳಲು ಹೊರಟರು. ಕುಷ್ಟಗಿಯ ಸೋಬಾನೆ ಅಜ್ಜಿ ಎಲ್ಲ ಕೇಳಿಸಿಕೊಂಡು, "ನನ್ನ ಪದದಾಗ ಅಂವ ಯಾಕ ಬರ್ತಾನ? ಅಂವೇನು ಮದುಮಗನಾ?" ಎಂದರು. ಅಲ್ಲಿಗೆ ಸಾಹುಕಾರರೂ ಹೋದರು, ಅವರ ದುಡ್ಡೂ ಹೋಯಿತು.

ಮನೆಗೆ ಬಂದ ಬೀಗರು ಕಾಕಾ ಏನು ಕೆಲಸ ಮಾಡುತ್ತಾರೆ ಎಂದು ಕೇಳಿದರೆ, ಕಾಕು "ಕಂಪ್ಯೂಟರ್ ಮುಂದ ಕುಂದರ್ತಾರ" ಎಂದಷ್ಟೇ ಹೇಳಿ ಚಹಾ ತರಲು ಏಳುತ್ತಿದ್ದರು. ಕಾಕಾ ಕೇಳಿಸದವರ ಹಾಗೆ ಕನ್ನಡಕ ಒರೆಸುತ್ತಿದ್ದರು. ಆ ವರ್ಷ ಬಾಡಿಗೆಯ ಗಡುವು ಹತ್ತಿರ ಬಂದಾಗ, ವೆಬ್‌ಸೈಟ್ ಮುಚ್ಚಿಬಿಡುತ್ತೇನೆ ಎಂದರು. ಸುಮ್ಮನೆ ಮುಚ್ಚುವ ಜೀವವೇ ಅದು?

"ಕೇಳಿ ತಂದಿದ್ದು ತಮ್ಮಾ. ಅವರವರ ಪದ ಅವರವರಿಗೆ ಒಪ್ಪಿಸಿ ಬರಬೇಕು."

ಮತ್ತೆ ಎಲೆ ಅಡಿಕೆ, ಮತ್ತೆ ಸ್ಕೂಟರ್, ಮತ್ತೆ ನನ್ನ ಬೆನ್ನು! ಮೊದಲು ಹೋದದ್ದು ವಿರೂಪಾಪುರಗಡ್ಡೆಗೆ, ಭತ್ತದ ಸಸಿ ಹಚ್ಚುವಾಗಿನ ಪದ ಹಾಡಿಕೊಟ್ಟಿದ್ದ ಮುದುಕಿಯ ಮನೆಗೆ. ಕಾಕಾ ಎಲೆ ಅಡಿಕೆಯ ತಟ್ಟೆ ಮುಂದಿಟ್ಟು, "ಯವ್ವಾ, ನಿಮ್ಮ ಪದ ನಿಮಗ ಒಪ್ಪಿಸಾಕ ಬಂದೀನ್ರಿ. ಇಟ್ಕೊಳ್ಳೋ ಶಕ್ತಿ ನನಗ ಉಳಿದಿಲ್ಲ" ಎಂದರು.

ಮುದುಕಿ ತಟ್ಟೆಯನ್ನು ಮುಟ್ಟಲಿಲ್ಲ. "ಕೊಟ್ಟದ್ದನ್ನ ಹಿಂದಕ್ಕ ತಗೊಳ್ಳೋ ಮನಿತನ ಅಲ್ಲಪಾ ನಮ್ಮದು. ನಮ್ಮ ಹುಡುಗ್ಯಾರು ಫೋನಿನ್ಯಾಗ ನನ್ನ ಪದ ಹಚ್ಕೊಂಡು ಸಸಿ ಹಚ್ತಾರ. ನಾ ಒಲ್ಲೆ" ಎಂದು ಎದ್ದು ಒಳಗೆ ಹೋದವರು ಒಂದು ಮೊರದ ತುಂಬ ಭತ್ತ ತಂದರು. ಓಣಿಯ ಹೆಂಗಸರನ್ನೂ ಕೂಗಿ ಕರೆದರು.

ಕಾಕಾ ಗಾಬರಿಯಾಗಿ ಎದ್ದು ನಿಂತರು. "ಬ್ಯಾಡ್ರಿ ಯವ್ವಾ. ಪದ ಕೊಟ್ಟೋರ ಕಡೆ ನಾ ದಾನ ತಗೊಳ್ಳಾಂಗಿಲ್ಲ."

"ದಾನ ಅಂತ ಯಾರಂದ್ರು? ಇದು ಆಯ. ನೇಗಿಲ ಕುಳ ಹರಿತ ಮಾಡೋ ಕಂಬಾರಗ ಕೊಡ್ತೀವಿ, ಬಿತ್ತೋ ಕೂರಿಗಿ ಮಾಡೋ ಬಡಿಗ್ಯಾಗ ಕೊಡ್ತೀವಿ. ನೀ ನಮ್ಮ ಪದ ಕಾಯ್ತೀ, ನಿನಗ್ಯಾಕ ಬ್ಯಾಡ? ವರ್ಷಾ ಸುಗ್ಗಿಗೆ ಬಂದು ಒಯ್ಯಿ."

ವರ್ಷವಿಡೀ ಊರಿಗೆ ದುಡಿದವರಿಗೆ ರೈತರು ರಾಶಿಯಲ್ಲಿ ಅಳೆದು ಕೊಡುವ ಕಾಳಿಗೆ ನಮ್ಮಲ್ಲಿ ಆಯ ಎನ್ನುತ್ತಾರೆ. ಬೇಡಿದವರಿಗೆ ಕೊಡುವುದಲ್ಲ ಅದು, ದುಡಿದವರ ಹಕ್ಕು. ಹೆಂಗಸರು ಒಬ್ಬೊಬ್ಬರಾಗಿ ತಂದು ಸುರಿದರು. ಚೀಲಗಳು ತುಂಬಿದವು, ಟಂಟಂ ಗಾಡಿ ಕರೆಸಬೇಕಾಯಿತು. ಆ ವರ್ಷದ ಬಾಡಿಗೆಗೆ ಧಾರಾಳವಾಗಿ ಸಾಕಾಗುವಷ್ಟು ಭತ್ತ.

ಗಾಡಿ ಮುಂದೆ ಹೋಯಿತು. ಕಾಕಾ ಸ್ಕೂಟರಿನ ಪಕ್ಕ ನಿಂತೇ ಇದ್ದರು. ಅಂಗೈಯಲ್ಲಿ ನಾಲ್ಕು ಭತ್ತದ ಕಾಳು. ನನಗೆ ಅವರನ್ನು ತಬ್ಬಿಕೊಳ್ಳಬೇಕು ಎನಿಸಿತು.

"ಕಂಬಾರ, ಬಡಿಗ್ಯಾ, ಆಮ್ಯಾಲೆ ನನ್ನ ಹೆಸರು ಹೇಳಿದ್ಲಲ್ಲೋ ತಮ್ಮಾ," ಎಂದರು. ಆಮೇಲೆ ಸ್ಕೂಟರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟರು. "ನೀನ ಹೊಡಿ. ನನಗ ದಾರಿ ಕಾಣವಲ್ದು."