ಮಾವ ಹೊಲಿದ ಹಾಯಿಗಳು

ನಮ್ಮ ಸೋದರಮಾವನ ಬಳಿ ಹಡಗು ಹೊರಡಿಸಲು ಬೇಕಾದ ಎಲ್ಲವೂ ಇದೆ, ಹಡಗು ಮತ್ತು ಸಮುದ್ರ ಬಿಟ್ಟು! ಸಿಂಧನೂರಿನಲ್ಲಿ ಭತ್ತದ ರಾಶಿ ಮುಚ್ಚುವ ತಾಡಪತ್ರಿ ಹೊಲಿದೇ ಮುದುಕನಾದವನು. ಮಸ್ಕಿ, ಲಿಂಗಸುಗೂರಿನವರೆಗೂ ಅವನ ಹೊಲಿಗೆಗೆ ಹೆಸರಿತ್ತು. ರೆಡಿಮೇಡ್ ಪ್ಲಾಸ್ಟಿಕ್ ಬಂದ ಮೇಲೆ ಅವನ ಅಂಗಡಿಯನ್ನು ನಾಯಿಯೂ ಮೂಸಿ ನೋಡಲಿಲ್ಲ. ಸುಮ್ಮನೆ ಕೂತವನ ಕೈಗೆ ಫೋನು ಸಿಕ್ಕಿತು, ಫೋನಿನಲ್ಲಿ ಹಳೆಯ ಹಾಯಿಹಡಗುಗಳು ಸಿಕ್ಕವು. ನಮ್ಮ ಗ್ರಹಚಾರ ಅಲ್ಲಿಂದ ಶುರು.

ಅರಬರ ಹಡಗಿನ ಮುಕ್ಕೋನ ಹಾಯಿ, ಚೀನಿಯರ ಬಿದಿರುಪಟ್ಟಿಯ ಹಾಯಿ, ಯುರೋಪಿನವರ ಮೂರು ಕಂಬಗಳ ತುಂಬ ಚೌಕ ಹಾಯಿ. ಎಲ್ಲವನ್ನೂ ಚಿಕ್ಕದಾಗಿ ಹೊಲಿದು ಅಂಗಡಿಯ ಮುಂದೆ ನೇತುಹಾಕಿದ. ಸಾಲದ್ದಕ್ಕೆ, ಅತ್ತೆ ಒಣಹಾಕಿದ ಸೀರೆಯನ್ನೂ ಒಂದು ದಿನ ಓರೆಯಾಗಿ ಎಳೆದು ಕಟ್ಟಿದ.

"ಅದನ್ಯಾಕ ಜಗ್ಗಾಕತ್ತೀರಿ?" ಎಂದಳು ಅತ್ತೆ.

"ಹಿಂಗ ಕಟ್ಟಿದ್ರ ಎದುರು ಗಾಳಿಗೂ ಮುಂದ ಹೋಗ್ತೈತಿ."

"ನಾ ಒಣಗ್ಲಿ ಅಂತ ಹಾಕೀನ್ರೀ, ಊರು ಬಿಟ್ಟು ಹೋಗ್ಲಿ ಅಂತಲ್ಲ!"

ಉಳಿದಿದ್ದ ಒಬ್ಬನೇ ಗಿರಾಕಿ ಬಳಗಾನೂರಿನ ರೈತ. ಅವನ ತಾಡಪತ್ರಿಗೂ ಮಾವ ಅಂಚು ಬಾಗಿಸಿ, ಹಾಯಿಗೆ ಬಿಡುವಂತೆ ನಡುವೆ ಹೊಟ್ಟೆ ಬಿಟ್ಟು ಹೊಲಿದುಕೊಟ್ಟ. ಗಾಳಿಮಳೆ ಬಂತು. ತಾಡಪತ್ರಿ ಉಬ್ಬಿ, ಸುತ್ತ ಇಟ್ಟ ಕಲ್ಲುಗಳನ್ನು ಉರುಳಿಸಿ, ಕಾಲುವೆಯ ಕಡೆ ಹಾರಿತು. ಭತ್ತವೆಲ್ಲ ನೆನೆಯಿತು.

"ರಾಶಿ ಮುಚ್ಚಾಕ ಹೊಲೀರಿ ಅಂದ್ರ ಹಾರಿಸಾಕ ಹೊಲದೀರಲ್ರೀ!" ಎಂದು ರೈತ ಕೂಗಾಡಿದ.

ಮಾವ ಕಣ್ಣರಳಿಸಿ ಕೇಳಿದ: "ಎಷ್ಟು ದೂರ ಹೋತ್ರೀ?"

ಇಂಥವನಿಗೆ ಏನು ಹೇಳುತ್ತೀರಿ? ಆ ಗಿರಾಕಿಯೂ ಹೋದ. ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡುವುದೆಂದು ತೀರ್ಮಾನವಾಯಿತು. ಅಷ್ಟು ದಿನ ನಕ್ಕ ನನಗೇ ಸಂಕಟವಾಯಿತು. ಅವನ ಹೊಲಿಗೆ ಇನ್ನು ಈ ಲೋಕದಲ್ಲಿ ಯಾರಿಗೂ ಬೇಡ ಎಂದು ಅವನ ಮುಖಕ್ಕೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಆಗ ಬಂದವರು, ದೇಶ ತೊರೆದ ನಿರಾಶ್ರಿತರು ನೆಲೆಸಿರುವ ಆರ್.ಎಚ್. ಕ್ಯಾಂಪಿನ ಬಂಗಾಳಿ ಅಜ್ಜ. ನೇತುಹಾಕಿದ ಹಾಯಿಗಳ ಕೆಳಗೆ ಬಹಳ ಹೊತ್ತು ನಿಂತರು.

"ನಮ್ಮ ದೇಶದಾಗ ನಮ್ಮಪ್ಪ ದೋಣಿ ನಡಸ್ತಿದ್ದ. ಒಂದ ಹಾಯಿ, ತ್ಯಾಪಿ ಮ್ಯಾಲ ತ್ಯಾಪಿ. ಅಂಥಾದ್ದು ಹೊಲದು ಕೊಡ್ತೀರೇನು?"

ಎರಡು ದಿನ ಮಾವ ಊಟಕ್ಕೂ ಏಳಲಿಲ್ಲ. ಹಳೆಯ ತಾಡಪತ್ರಿಗಳ ತುಂಡು ಕೂಡಿಸಿ ಕೈಯಲ್ಲೇ ಹೊಲಿದ. ಪೂರ್ತಿ ಚೌಕವೋ, ಮೇಲೆ ಕಿರಿದೋ ಎಂದು ಮೂರು ಸಲ ಬಿಚ್ಚಿದ. ಒಂದು ಬೆರಳು ತಪ್ಪಿದರೂ ಅದು ಬೇರೆ ಹಡಗಿನ ಹಾಯಿಯಾಗುತ್ತದೆ ಎಂದು ನಮ್ಮೊಡನೆ ಜಗಳಕ್ಕೆ ನಿಲ್ಲುವ ಮನುಷ್ಯ!

ಅಜ್ಜನ ಅಂಗಳದಲ್ಲಿ ನಾನೊಂದು ತುದಿ, ಮಾವನೊಂದು ತುದಿ ಹಿಡಿದು ಅದನ್ನು ಬಿಡಿಸಿದೆವು. ಅಜ್ಜ ಅಂಚು ಸವರಿದರು.

"ನಾ ಭಾಳ ಸಣ್ಣಾವಿದ್ದೆ. ಹೆಂಗಿತ್ತು ಅಂತ ಖರೇನ ನೆನಪಿಲ್ಲ. ಕೇಳೋಣಂದ್ರ ಈಗ ಯಾರೂ ಉಳಿದಿಲ್ಲ."

ನಾನು ಮಾವನ ಮುಖ ನೋಡಿದೆ. ಅದು ಅವನು ಹೊಲಿದ ಕೊನೆಯ ಹಾಯಿ. ಅವನು ಅಜ್ಜನ ಕೈಯನ್ನು ಬಟ್ಟೆಯ ಮೇಲೆ ಒತ್ತಿ ಹಿಡಿದು ಹೇಳಿದ:

"ಹಿಂಗ ಇತ್ರೀ ದಾದಾ. ಥೇಟ್ ಹಿಂಗ."