ಐದು ಚಿತ್ರ, ಐವರು ರಸಿಕರು

ನೀವೇ ಹೇಳಿ, ಮನೆಯಲ್ಲೊಬ್ಬ ಕಲಾವಿದೆ ಇದ್ದಾಳೆ ಅಂದರೆ ಮನೆಯವರಿಗೆ ಸ್ವಲ್ಪವಾದರೂ ಭಯಭಕ್ತಿ ಬೇಡವೇ? ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು. ಊಟದ ಮೇಜಿನ ಮೇಲೆ ನಾನು ಬಣ್ಣ ಹರಡಿದರೆ ನಮ್ಮವರು ತಟ್ಟೆ ಹಿಡಿದು ನಿಂತುಕೊಂಡೇ ಉಣ್ಣುತ್ತಾರೆ, ಪಾಪ. ಅತ್ತೆಯವರು ಮಾತ್ರ ಸುಮ್ಮನಿರುವವರಲ್ಲ.

"ಇದ್ಯಾರೇ ಇದು, ಕೆನ್ನೆ ಊದಿಸ್ಕೊಂಡು?"

"ಯಾರೂ ಅಲ್ಲ ಅತ್ತೆ, ಬರೀ ಕಲ್ಪನೆ."

(ಆ ಕಲ್ಪನೆ ಮಧ್ಯಾಹ್ನದ ನಿದ್ದೆ ಮುಗಿಸಿ ನನ್ನ ಎದುರಿಗೇ ನಿಂತಿತ್ತು. ಹೇಳುವ ಧೈರ್ಯ ಬರಲಿಲ್ಲ.)

ಕೊನೆಗೆ ಲೋಕದ ಮೊರೆ ಹೊಕ್ಕೆ. ಕಲಾವಿದರೇ ತಮ್ಮ ಮೂಲಚಿತ್ರಗಳನ್ನು ಕೈಗೆಟುಕುವ ಬೆಲೆಗೆ ಮಾರುವ ಆನ್‌ಲೈನ್ ಅಂಗಡಿಯೊಂದಿದೆ. ದಲ್ಲಾಳಿಗಳ ಕಾಟವಿಲ್ಲ. ಐದು ಚಿತ್ರ ಹಾಕಿದೆ. ಎರಡೇ ತಿಂಗಳಲ್ಲಿ ಐದೂ ಖಾಲಿ. ಐದು ಹೆಸರು, ಐದು ವಿಳಾಸ. ಒಂದೊಂದನ್ನೂ ನನ್ನ ಹಳೆಯ ಹಳದಿ ನೈಟಿಯ ತುಂಡಿನಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯ ಮೇಲೆ ಕೈಯಾರೆ ಗುಬ್ಬಚ್ಚಿ ಬರೆದು ಕಳಿಸಿದೆ. ಐದನೆಯ ರಸಿಕರಂತೂ, "ಇದರ ಇನ್ನೊಂದು ಪ್ರತಿ ಎಲ್ಲೂ ಇಲ್ಲ ತಾನೇ? ಇನ್ನು ಮುಂದೆಯೂ ಬರೆಯುವುದಿಲ್ಲ ತಾನೇ?" ಎಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಕಲೆಯ ಮೇಲೆ ಇಷ್ಟು ಮಮತೆಯೇ ಎಂದು ನನ್ನ ಕಣ್ಣು ತುಂಬಿ ಬಂತು.

ಆಮೇಲೆ ನನ್ನನ್ನು ಹಿಡಿಯುವವರು ಯಾರು? ಶಾಲೆಯ ಡ್ರಾಯಿಂಗ್ ಟೀಚರ್ ಕೆಲಸಕ್ಕೆ ರಾಜೀನಾಮೆ ಬರೆದು ಚೀಲದಲ್ಲಿಟ್ಟುಕೊಂಡೆ. "ನಾಳೆ ಕೊಡ್ತೀನಿ. ಇನ್ನು ಹತ್ತು ಚಿತ್ರ ಕಳಿಸ್ಬೇಕು, ಆಫೀಸಿಂದ ಖಾಲಿ ಪೆಟ್ಟಿಗೆ ತನ್ನಿ" ಎಂದು ನಮ್ಮವರಿಗೆ ಅಪ್ಪಣೆ ಕೊಡಿಸಿದೆ.

ಸಂಜೆ ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಹೊತ್ತು ತಂದರು. ಎಲ್ಲಕ್ಕಿಂತ ಮೇಲಿದ್ದ ಪೆಟ್ಟಿಗೆಯ ಮೇಲಿಂದ ಒಂದು ಗುಬ್ಬಚ್ಚಿ ನನ್ನನ್ನೇ ನೋಡುತ್ತಿತ್ತು. ಮುಚ್ಚಳ ತೆಗೆದರೆ ಹಳದಿ ನೈಟಿ.

"ರೀ, ಇದು ನಿಮ್ಮ ಆಫೀಸಿಗೆ ಹೇಗೆ ಬಂತು?"

ಅವರು ತಲೆ ಕೆರೆದುಕೊಂಡರು. "ನಾಲ್ಕು ಚಿತ್ರ ನಾನೇ ತಗೊಂಡೆ ಕಣೇ, ಸ್ನೇಹಿತರ ಹೆಸರು, ವಿಳಾಸ ಕೊಟ್ಟು. ಒಂದು ವಾರ ಯಾರೂ ಕೊಳ್ಳದೆ ನೀನು ಮಂಕಾಗಿದ್ದೆ. ನೋಡೋಕಾಗ್ಲಿಲ್ಲ."

"ಚಿತ್ರಗಳೆಲ್ಲಿ?"

"ಆಫೀಸ್ ಬೀರು ಹಿಂದೆ. ಬಣ್ಣ ಮಾಸಬಾರ್ದು ಅಂತ ಗೋಡೆ ಕಡೆ ಮುಖ ಮಾಡಿಟ್ಟಿದ್ದೀನಿ."

ಹರಿದು ಹಾಕೋಣವೆಂದು ರಾಜೀನಾಮೆ ಪತ್ರವನ್ನು ಚೀಲದಿಂದ ತೆಗೆದು ಅಲ್ಲೇ ಕೂತೆ. ಕೂತ ಮೇಲೆ ಲೆಕ್ಕ ಹೊಳೆಯಿತು. "ನಾಲ್ಕಾ? ಹಾಗಾದ್ರೆ ಐದನೇದು?"

"ನಿನ್ನಾಣೆಗೂ ಅದು ನಾನಲ್ಲ."

ಹೋದ ಜೀವ ಬಂದಂತಾಯಿತು. ನಿಜವಾದ ರಸಿಕ ಒಬ್ಬ ಸಾಕು, ಕಲಾವಿದೆ ಬದುಕಿಕೊಳ್ಳುತ್ತಾಳೆ. ರಾಜೀನಾಮೆ ಪತ್ರವನ್ನು ಮತ್ತೆ ಚೀಲಕ್ಕೆ ಸೇರಿಸುತ್ತಿದ್ದೆ. ಅತ್ತೆಯವರು ಕುರ್ಚಿಯಿಂದಲೇ ಕೆಮ್ಮಿದರು.

"ಆ ಕಾಗದ ಕೊಡ್ಬೇಡ. ಐದನೇದು ನಂದು. ನಿನ್ನ ನಾದಿನಿಗೆ ಹೇಳಿ ಅವಳ ಪಕ್ಕದ್ಮನೆ ವಿಳಾಸಕ್ಕೆ ತರಿಸ್ದೆ."

"ನೀವಾ? ಅಷ್ಟು ಇಷ್ಟ ಆಯ್ತಾ ಅತ್ತೆ?"

"ಇಷ್ಟಾನಾ? ಆ ಮುಖ ಕಂಡೋರ ಮನೆ ಗೋಡೇಲಿ ತೂಗೋದು ಬೇಡ ಅಂತ. ಕಲ್ಪನೆ ಅಂದ್ಯಲ್ಲ, ಕಲ್ಪನೆಗೆ ನನ್ನ ಕನ್ನಡಕ ಯಾಕೇ ಹಾಕ್ದೆ?"

ಮರುದಿನ ಒಂಬತ್ತಕ್ಕೆಲ್ಲ ನಾನು ಮೂರನೇ ತರಗತಿಯಲ್ಲಿದ್ದೆ. ಮಕ್ಕಳಿಗೆ ಮನೆಯವರ ಚಿತ್ರ ಬಿಡಿಸಲು ಹೇಳಿದೆ. ಅಜ್ಜಿಯನ್ನು ಬಿಡಿಸುವವರು ಮಾತ್ರ ಯಾವ ಕಾರಣಕ್ಕೂ ಕನ್ನಡಕ ಹಾಕಕೂಡದೆಂದು ಕಟ್ಟಪ್ಪಣೆ ಮಾಡಿದೆ.